ಅಮ್ಮನ ಮಂಡಿ ‘ಸವೆದಿದೆ’ ಅಂದರೆ ಏನರ್ಥ?

ಪ್ರಶ್ನೆ: ನಮ್ಮ ಅಮ್ಮನಿಗೆ 58 ವರ್ಷ, ತೂಕ 65 ಕಿಲೋ. ಎರಡು ವರ್ಷದಿಂದ ಬಲ ಮಂಡಿ ನೋವು. ಮೆಟ್ಟಿಲು ಇಳಿಯುವಾಗ ಜಾಸ್ತಿ. ಕೂತು ಎದ್ದರೆ ಕಟಕಟ ಶಬ್ದ ಬೇರೆ. ಎಕ್ಸ್‌ರೇ ನೋಡಿದವರು ‘ಮೂಳೆ ಸವೆದಿದೆ, ಗ್ಯಾಪ್ ಕಮ್ಮಿ ಆಗಿದೆ’ ಅಂದರು. ಅವತ್ತಿನಿಂದ ಅಮ್ಮ ‘ನಡೆದಷ್ಟೂ ಸವೆಯುತ್ತೆ’ ಅಂತ ವಾಕಿಂಗ್ ನಿಲ್ಲಿಸಿಬಿಟ್ಟಿದ್ದಾರೆ. ಕ್ಯಾಲ್ಸಿಯಂ ಮಾತ್ರೆ, ವಾರಕ್ಕೊಮ್ಮೆ ಕಾಲು ಸೂಪ್ ನಡೆಯುತ್ತಿದೆ. ಇದರಿಂದ ಗ್ಯಾಪ್ ತುಂಬುತ್ತಾ? ನೆಲದ ಮೇಲೆ ಕೂರಬಹುದಾ? ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ ಅಂತ ಹರಕೆ ಹೊತ್ತಿದ್ದಾರೆ. ಅದನ್ನು ಬಿಡಲೇಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದದ್ದು ಎಕ್ಸ್‌ರೇ ವಿಷಯ ಅಲ್ಲ, ಅಮ್ಮ ವಾಕಿಂಗ್ ನಿಲ್ಲಿಸಿದ್ದು. ಅವರದ್ದೇನೂ ತಪ್ಪಿಲ್ಲ. ‘ಸವೆದಿದೆ’ ಅನ್ನುವ ಮಾತು ಕಿವಿಗೆ ಬಿದ್ದರೆ ಯಾರಿಗಾದರೂ ಚಪ್ಪಲಿಯ ಹಿಮ್ಮಡಿಯೋ ಗಾಡಿಯ ಟೈರೋ ಕಣ್ಣ ಮುಂದೆ ಬರುತ್ತದೆ. ಉಳಿದಿರುವುದನ್ನಾದರೂ ಜೋಪಾನ ಮಾಡೋಣ ಅನ್ನಿಸುತ್ತದೆ. ಎಲುಬು-ಕೀಲು ವೈದ್ಯನಾಗಿ ನಾನು ದಿನಾ ಕೇಳುವ ಮಾತು ಇದು. ಈ ಒಂದು ಪದದಿಂದ ಆಗಿರುವ ನಷ್ಟ ಸಣ್ಣದಲ್ಲ.

ಕನ್ನಡದಲ್ಲಿ ‘ಮೂಳೆ ಸವೆತ’ ಅಂತ ನಾವು ಎರಡು ಬೇರೆ ಬೇರೆ ಕಾಯಿಲೆಗೆ ಹೇಳುತ್ತೇವೆ. ಒಂದು ಆಸ್ಟಿಯೋಪೊರೋಸಿಸ್. ಇದರಲ್ಲಿ ಮೂಳೆಯ ಒಳಗಿನ ಜಾಲರಿ ತೆಳ್ಳಗಾಗುತ್ತದೆ, ಮೂಳೆ ಟೊಳ್ಳಾಗುತ್ತದೆ. ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಎಲ್ಲೋ ಬಾತ್‌ರೂಮಿನಲ್ಲಿ ಜಾರಿ ಮಣಿಕಟ್ಟೋ ಸೊಂಟದ ಹತ್ತಿರವೋ ಮುರಿದಾಗಲೇ ಗೊತ್ತಾಗುವುದು. ಇನ್ನೊಂದು ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲಿನ ಕಾಯಿಲೆ. ನೀವು ಬರೆದದ್ದು ನೋಡಿದರೆ ಅಮ್ಮನದ್ದು ಈ ಎರಡನೆಯದು. ಇದರಲ್ಲಿ ಕೀಲಿನ ಹತ್ತಿರದ ಮೂಳೆ ತೆಳ್ಳಗಾಗುವ ಬದಲು ಗಟ್ಟಿಯಾಗುತ್ತದೆ. ಅಂಚಿನಲ್ಲಿ ಮುಳ್ಳಿನಂತೆ ಬೆಳೆಯುವುದೂ ಉಂಟು. ಮೊದಲು ಹಾಳಾಗುವುದು ಮೂಳೆಯ ತುದಿಗೆ ಹೊದಿಸಿರುವ ಮೆತ್ತನೆ ಪದರ. ಪಠ್ಯಪುಸ್ತಕದಲ್ಲಿ ಅದಕ್ಕೆ ಮೃದ್ವಸ್ಥಿ ಅಂತಾರೆ, ಆಸ್ಪತ್ರೆಯಲ್ಲಿ ಎಲ್ಲರೂ ಕಾರ್ಟಿಲೇಜ್ ಅಂತಲೇ ಹೇಳುವುದು.

ಆ ಪದರವನ್ನು ನೋಡಲು ನೀವು ಮೆಡಿಕಲ್ ಕಾಲೇಜಿಗೆ ಹೋಗಬೇಕಿಲ್ಲ. ಮನೆಗೆ ಕಾಲು ಸೂಪಿಗೆ ಅಂತ ತರುತ್ತೀರಲ್ಲ, ಮುಂದಿನ ಸಲ ಬೇಯಿಸುವ ಮುಂಚೆ ಕೀಲಿನ ಜಾಗದಲ್ಲಿ ಬಿಡಿಸಿ ನೋಡಿ. ಮೂಳೆಯ ತುದಿ ನೀಲಿ ಮಿಶ್ರಿತ ಬಿಳಿ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ. ಬೆರಳಿಟ್ಟರೆ ಜಾರುತ್ತದೆ. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರುತ್ತದೆ. ಬೆರಳಿಗೆ ಅಂಟುವ ಲೋಳೆ ಇದೆಯಲ್ಲ, ಅದೇ ಕೀಲಿನ ಎಣ್ಣೆ. ನಮ್ಮ ಮಂಡಿಯಲ್ಲೂ ಇರುವುದು ಇದೇ. ಪದರದ ದಪ್ಪ ಕೆಲವೇ ಮಿಲಿಮೀಟರ್.

ಎಕ್ಸ್‌ರೇಗೆ ಕಾಣುವುದು ಮುಖ್ಯವಾಗಿ ಕ್ಯಾಲ್ಸಿಯಂ ಇರುವ ಭಾಗ. ಈ ಪದರದಲ್ಲಿ ಕ್ಯಾಲ್ಸಿಯಂ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಮೇಲಿನ ಮೂಳೆಯ ಪದರ, ಕೆಳಗಿನ ಮೂಳೆಯ ಪದರ, ನಡುವಿನ ಗಾದಿ ಎಲ್ಲ ಸೇರಿ ಫಿಲ್ಮಿನಲ್ಲಿ ಕಪ್ಪು ಖಾಲಿ ಜಾಗದಂತೆ ಕಾಣುತ್ತದೆ. ಅದನ್ನೇ ‘ಗ್ಯಾಪ್’ ಅನ್ನುವುದು. ಅದು ಖಾಲಿ ಜಾಗ ಅಲ್ಲವೇ ಅಲ್ಲ. ‘ಗ್ಯಾಪ್ ಕಮ್ಮಿ ಆಗಿದೆ’ ಅಂದರೆ ಪದರ ತೆಳ್ಳಗಾಗಿದೆ ಅಂತ. ಕ್ಯಾಲ್ಸಿಯಂ ಮಾತ್ರೆ ಮೂಳೆಗೆ ಹೋಗುತ್ತದೆ, ಈ ಪದರಕ್ಕಲ್ಲ. ಅಮ್ಮನಿಗೆ ಕ್ಯಾಲ್ಸಿಯಂ ಅಥವಾ ವಿಟಮಿನ್ ಡಿ ಕೊರತೆ ಇದ್ದರೆ ಮಾತ್ರೆ ತಗೊಳ್ಳಲಿ, ಅದು ಬೇರೆ ವಿಷಯ. ಗ್ಯಾಪ್ ತುಂಬುತ್ತೆ ಅಂತ ನಂಬಿ ತಗೊಳ್ಳುವುದು ಬೇಡ. ಕಾಲು ಸೂಪ್ ಕೂಡ ಅಷ್ಟೇ. ಅದರೊಳಗಿನ ಸಾರ ಹೊಟ್ಟೆಯಲ್ಲಿ ಜೀರ್ಣವಾಗಿ ಎಲ್ಲ ಆಹಾರದಂತೆ ಮೈಗೆ ಸೇರುತ್ತದೆ, ನೇರವಾಗಿ ಮಂಡಿಗೆ ಹೋಗಿ ಕೂರುವುದಿಲ್ಲ. ರುಚಿಗೆ ಕುಡಿಯಲಿ, ಬೇಡ ಅನ್ನಲು ಕಾರಣವಿಲ್ಲ.

ಈಗ ಅಮ್ಮನನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿ. ತೊಡೆಯನ್ನು ಪೂರ್ತಿ ಸಡಿಲ ಬಿಡಲು ಹೇಳಿ. ಮಂಡಿಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಸರಿಸಿ. ಸುಲಭವಾಗಿ ಸರಿಯುತ್ತದೆ, ಅಲ್ವಾ? ಈಗ ತೊಡೆ ಬಿಗಿ ಮಾಡಲು ಹೇಳಿ. ಚಿಪ್ಪು ಮೇಲಕ್ಕೆ ಎಳೆದುಕೊಂಡು ಗಟ್ಟಿಯಾಗಿ ನಿಂತುಬಿಡುತ್ತದೆ. ಅದು ತೊಡೆಯ ಮುಂದಿನ ಸ್ನಾಯುವಿನ ಹಗ್ಗದೊಳಗೇ ಹುಟ್ಟಿದ ಮೂಳೆ. ಮಗು ಹುಟ್ಟಿದಾಗ ಅಲ್ಲಿ ಮೂಳೆಯೇ ಇರುವುದಿಲ್ಲ, ಬರೀ ಕಾರ್ಟಿಲೇಜ್. ಮೂರು ವರ್ಷದ ನಂತರವೇ ಸಾಮಾನ್ಯವಾಗಿ ಅದು ಮೂಳೆಯಾಗಲು ಶುರುವಾಗುವುದು. ಅದರ ಕೆಲಸ ಬಾವಿಯ ರಾಟೆಯದು. ಹಗ್ಗ ನೇರವಾಗಿ ಕಟ್ಟೆಗೆ ಉಜ್ಜದೆ ರಾಟೆಯ ಮೇಲೆ ಹಾದರೆ ಕೊಡ ಹಗುರವಾಗಿ ಮೇಲೆ ಬರುತ್ತದಲ್ಲ, ಹಾಗೆ.

ಚಿಪ್ಪಿನಿಂದ ಕೆಳಗೆ ಬೆರಳು ಜಾರಿಸಿದರೆ ಒಂದು ಗಟ್ಟಿ ಉಬ್ಬು ಸಿಗುತ್ತದೆ. ಆ ಹಗ್ಗ ಬಂದು ಕಚ್ಚಿಕೊಳ್ಳುವ ಜಾಗ ಅದು. ಅಲ್ಲಿಂದ ಕೆಳಗೆ ಚರ್ಮದಡಿಯೇ ಸಿಗುವುದು ಕಣಕಾಲಿನ ದೊಡ್ಡ ಮೂಳೆ, ಟಿಬಿಯಾ. ಮಂಚದ ಕಾಲಿಗೆ ತಾಗಿದರೆ ಕಣ್ಣಲ್ಲಿ ನೀರು ಬರಿಸುತ್ತದಲ್ಲ, ಅದೇ. ಹೊರಬದಿಯಲ್ಲಿ, ಮಂಡಿಯಿಂದ ಸ್ವಲ್ಪ ಕೆಳಗೆ, ಇನ್ನೊಂದು ಸಣ್ಣ ಗುಂಡು ಸಿಗುತ್ತದೆ. ಅದು ಫಿಬ್ಯುಲಾ ಅನ್ನುವ ಸಣ್ಣ ಮೂಳೆಯ ತಲೆ. ಅದು ಮಂಡಿಯ ಕೀಲಿಗೆ ಸೇರುವುದೇ ಇಲ್ಲ, ಭಾರ ಹೊರುವುದೂ ಕಮ್ಮಿ. ಕೆಳಗೆ ಹೋಗಿ ಹರಡಿನ ಹೊರಗಿನ ಗಂಟಾಗಿ ನಿಲ್ಲುತ್ತದೆ.

ಮಂಡಿಯೊಳಗೆ ತೊಡೆಮೂಳೆಯ ತುದಿ ಎರಡು ಗುಂಡುಗಳಾಗಿದೆ. ಅವು ಕೂರುವ ಟಿಬಿಯಾದ ತಲೆ ಮಾತ್ರ ಹೆಚ್ಚುಕಮ್ಮಿ ಚಪ್ಪಟೆ. ಚಪ್ಪಟೆ ಜಾಗದ ಮೇಲೆ ಗುಂಡಗಿನದು ನಿಲ್ಲಬೇಕಾದರೆ ನಮ್ಮ ಅಜ್ಜಿಯಂದಿರು ಏನು ಮಾಡುತ್ತಿದ್ದರು? ತಲೆಯ ಮೇಲೆ ಸಿಂಬಿ ಇಟ್ಟು ಕೊಡ ಇಡುತ್ತಿದ್ದರು. ಮಂಡಿಯಲ್ಲೂ ಅಂಥ ಎರಡು ಸಿಂಬಿಗಳಿವೆ, ಒಳಬದಿಗೆ ಒಂದು, ಹೊರಬದಿಗೆ ಒಂದು. ಮೆನಿಸ್ಕಸ್ ಅಂದರೆ ಇವೇ. ಭಾರವನ್ನು ಅಗಲಕ್ಕೆ ಹಂಚುತ್ತವೆ, ಮೂಳೆ ಜಾರದಂತೆ ಹಿಡಿಯುತ್ತವೆ. ವಯಸ್ಸಾದಂತೆ ಇವು ಸೀಳುವುದು ತುಂಬಾ ಸಾಮಾನ್ಯ. ಎಂಆರ್‌ಐ ವರದಿಯಲ್ಲಿ ‘ಮೆನಿಸ್ಕಸ್ ಸೀಳಿದೆ’ ಅಂತ ನೋಡಿದ ಕೂಡಲೇ ಆಪರೇಷನ್ ಅಂತ ಗಾಬರಿ ಆಗಬೇಕಿಲ್ಲ.

ಇನ್ನು ಅಮ್ಮನಿಗೆ ನೀವು ತಿಳಿಸಿ ಹೇಳಲೇಬೇಕಾದ ಸಂಗತಿ. ಕಾರ್ಟಿಲೇಜ್ ಪದರಕ್ಕೆ ರಕ್ತನಾಳ ಇಲ್ಲ. ಮೈಯ ಉಳಿದ ಭಾಗಗಳಿಗೆ ರಕ್ತ ಊಟ ತಂದುಕೊಡುತ್ತದೆ, ಇದಕ್ಕೆ ಆ ಭಾಗ್ಯವಿಲ್ಲ. ಇದರ ಊಟವೆಲ್ಲ ಸುತ್ತ ಇರುವ ಆ ಲೋಳೆಯಿಂದ. ಒಳ್ಳೆಯ ಮಂಡಿಯಲ್ಲಿ ಅದು ಒಂದು ಟೀ ಚಮಚದಷ್ಟೂ ಇರುವುದಿಲ್ಲ. ಪದರ ಸ್ಪಂಜಿನ ಹಾಗೆ. ಕಾಲೂರಿದಾಗ ಹಿಂಡಿದಂತಾಗಿ ಹಳೆಯ ದ್ರವ ಹೊರಗೆ ಬರುತ್ತದೆ. ಕಾಲೆತ್ತಿದಾಗ ಹೊಸದನ್ನು ಹೀರಿಕೊಳ್ಳುತ್ತದೆ. ಹೆಜ್ಜೆ ಹೆಜ್ಜೆಗೂ ಇದೇ ನಡೆಯುತ್ತದೆ. ನಡಿಗೆ ನಿಂತರೆ ಪದರಕ್ಕೆ ಊಟ ಕಮ್ಮಿಯಾಗುತ್ತದೆ. ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿದ ಕಾಲಿನ ಕೀಲು ಬಿಗಿಯುವುದೂ, ತೊಡೆ ಸಣ್ಣಗಾಗುವುದೂ ಯಾಕೆ ಅಂತ ಯೋಚಿಸಿ ನೋಡಿ. ‘ನಡೆದಷ್ಟೂ ಸವೆಯುತ್ತೆ’ ಅನ್ನುವುದು ಟೈರಿಗೆ ಸರಿ, ಜೀವ ಇರುವ ಮಂಡಿಗಲ್ಲ.

ಆ ಪದರಕ್ಕೆ ನರವೂ ಇಲ್ಲ. ಹಾಗಾದರೆ ನೋವು ಎಲ್ಲಿಂದ? ಪದರದ ಅಡಿಯ ಮೂಳೆಯಿಂದ, ಕೀಲನ್ನು ಸುತ್ತಿದ ಚೀಲದ ಊತದಿಂದ, ಸುತ್ತಲಿನ ಸೋತ ಸ್ನಾಯುಗಳಿಂದ. ಅದಕ್ಕೇ ಎಕ್ಸ್‌ರೇಗೂ ನೋವಿಗೂ ತಾಳೆ ಬೀಳುವುದಿಲ್ಲ. ಗ್ಯಾಪ್ ಪೂರ್ತಿ ಮುಚ್ಚಿದವರು ಗದ್ದೆ ಕೆಲಸ ಮಾಡುವುದನ್ನೂ ನೋಡಿದ್ದೇನೆ, ಎಕ್ಸ್‌ರೇ ಚೆನ್ನಾಗಿದ್ದೂ ಮೆಟ್ಟಿಲಿಗೆ ಹೆದರುವವರನ್ನೂ ನೋಡಿದ್ದೇನೆ. ಪದರವನ್ನು ಮತ್ತೆ ಹೊಸದು ಮಾಡುವ ಔಷಧ ಇವತ್ತಿಗೆ ನಮ್ಮ ಕೈಯಲ್ಲಿಲ್ಲ. ಆದರೆ ಸ್ನಾಯು, ತೂಕ, ಊತ ಮೂರೂ ನಮ್ಮ ಕೈಯಲ್ಲಿವೆ. ನೋವು ಕಮ್ಮಿ ಮಾಡಲು ಇಷ್ಟು ಸಾಕಷ್ಟು ದೊಡ್ಡ ದಾರಿ.

ಮಂಡಿಯನ್ನು ಒಂಟಿಯಾಗಿ ನೋಡಬೇಡಿ. ತೊಡೆಯಿಂದ ಬೆರಳ ತುದಿಯವರೆಗೆ ಒಂದು ಕಾಲಿನಲ್ಲಿ 30 ಮೂಳೆ. ಅದರಲ್ಲಿ 26 ಪಾದದಲ್ಲೇ ಇವೆ. ಮೈಯಲ್ಲಿ ಇರುವ 206ರಲ್ಲಿ ಎರಡು ಪಾದಕ್ಕೇ 52! ತೊಡೆಮೂಳೆ ಎಲ್ಲಕ್ಕಿಂತ ಉದ್ದ, ನಮ್ಮ ಎತ್ತರದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಮೇಲೆ ಸೊಂಟದ ಕೀಲು, ಕೆಳಗೆ ಹರಡು ಮತ್ತು ಪಾದ. ಇವೆರಡರ ನಡುವೆ ಸಿಕ್ಕಿಕೊಂಡಿರುವುದು ಮಂಡಿ. ಸೊಂಟದ ಸ್ನಾಯು ಸೋತರೆ ತೊಡೆ ಒಳಕ್ಕೆ ವಾಲುತ್ತದೆ, ಪಾದದ ಕಮಾನು ಕುಸಿದರೆ ಕಣಕಾಲು ತಿರುಚುತ್ತದೆ. ಎರಡಕ್ಕೂ ದಂಡ ತೆರುವುದು ಮಂಡಿ.

ಇನ್ನೂ ಒಂದು ಮಾತು. ಸೊಂಟದ ಕೀಲಿಗೂ ಮಂಡಿಗೂ ಕೆಲವು ನರಗಳು ಒಂದೇ. ಸೊಂಟದ ಕೀಲು ಹಾಳಾದವರು ಎಷ್ಟೋ ಸಲ ‘ಮಂಡಿ ನೋವು’ ಅಂತಲೇ ಬರುತ್ತಾರೆ. ಅದಕ್ಕೆ ಮಂಡಿ ನೋವಿಗೆ ಬಂದವರ ಸೊಂಟವನ್ನೂ ಮಡಚಿ ತಿರುಗಿಸಿ ನೋಡಬೇಕು. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿ ಇರುವುದು ಇಂಥದ್ದೇ ಒಂದು ಕಾಯಿಲೆಯಿಂದ. 1970ರ ದಶಕದಲ್ಲಿ ಅಲ್ಲಿ ಗುರುತಿಸಿದ, ವಂಶದಲ್ಲಿ ಇಳಿದು ಬರುವ ಆ ಕಾಯಿಲೆ ಮುಖ್ಯವಾಗಿ ಸೊಂಟದ ಕೀಲನ್ನು ಹಿಡಿಯುತ್ತದೆ. ಬಡ ಕೂಲಿ ಕುಟುಂಬಗಳು ತಲೆಮಾರುಗಳಿಂದ ಅನುಭವಿಸಿದ ನೋವು ಅದು. ಅಮ್ಮನಿಗೆ ಆ ಕಾಯಿಲೆಯ ಸಂಬಂಧ ಇಲ್ಲ. ಆದರೆ ನಿಮ್ಮ ವೈದ್ಯರು ಸೊಂಟ ಪರೀಕ್ಷೆ ಮಾಡಿಲ್ಲದಿದ್ದರೆ ಕೇಳಿ ಮಾಡಿಸಿಕೊಳ್ಳಿ. ಎಕ್ಸ್‌ರೇ ಕೂಡ ನಿಂತುಕೊಂಡು ತೆಗೆದದ್ದಾ ಅಂತ ನೋಡಿ. ಮಲಗಿಸಿ ತೆಗೆದರೆ ಭಾರ ಬೀಳುವುದಿಲ್ಲ, ಗ್ಯಾಪ್ ನಿಜವಾಗಿ ಎಷ್ಟು ಉಳಿದಿದೆ ಅಂತ ಗೊತ್ತಾಗುವುದಿಲ್ಲ.

ಇಳಿಯುವಾಗ ಯಾಕೆ ಜಾಸ್ತಿ ನೋವು ಅನ್ನುವುದಕ್ಕೆ ಚೆಂದದ ಅಳತೆ ಇದೆ. ಬರ್ಲಿನ್‌ನ ಸಂಶೋಧಕರು ಮಂಡಿ ಬದಲಿ ಆಪರೇಷನ್ ಆದವರ ಕೃತಕ ಕೀಲಿನೊಳಗೇ ಸೆನ್ಸರ್ ಇಟ್ಟು ಭಾರ ಅಳೆದರು. 2010ರಲ್ಲಿ ಪ್ರಕಟವಾದ ಆ ಅಳತೆಗಳಲ್ಲಿ, ಸಮ ನೆಲದ ಮೇಲೆ ನಡೆಯುವಾಗ ಮಂಡಿಗೆ ಬೀಳುವ ಭಾರ ದೇಹದ ತೂಕದ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಮೆಟ್ಟಿಲು ಹತ್ತುವಾಗ ಮೂರು ಪಟ್ಟು ದಾಟಿತು. ಇಳಿಯುವಾಗ ಮೂರೂವರೆ ಪಟ್ಟಿನ ಹತ್ತಿರ. ಅಮ್ಮನ 65 ಕಿಲೋಗೆ ಲೆಕ್ಕ ಹಾಕಿ. ನಡೆಯುವಾಗ ಸುಮಾರು 170 ಕಿಲೋ, ಇಳಿಯುವಾಗ ಸುಮಾರು 225 ಕಿಲೋ. ಇಳಿಯುವಾಗ ಮೈ ಧೊಪ್ಪನೆ ಬೀಳದಂತೆ ತೊಡೆಯ ಸ್ನಾಯು ಬ್ರೇಕ್ ಹಿಡಿದಿರುತ್ತದೆ. ಆ ಬ್ರೇಕಿನ ಎಳೆತವೆಲ್ಲ ಮಂಡಿಚಿಪ್ಪನ್ನು ಒತ್ತುತ್ತದೆ. ತೂಕ ಇಳಿಸಿದರೆ ಲಾಭವೂ ಹೀಗೇ ಪಟ್ಟು ಪಟ್ಟಾಗಿ ಬರುತ್ತದೆ. ಮಂಡಿ ನೋವಿದ್ದ, ತೂಕ ಜಾಸ್ತಿ ಇದ್ದ ಹಿರಿಯರ ಮೇಲೆ ಅಮೆರಿಕದಲ್ಲಿ ಮಾಡಿದ ಅಧ್ಯಯನವೊಂದರಲ್ಲಿ, ಒಂದು ಕಿಲೋ ಇಳಿದರೆ ಹೆಜ್ಜೆಗೆ ನಾಲ್ಕು ಕಿಲೋದಷ್ಟು ಭಾರ ಮಂಡಿಯಿಂದ ಇಳಿಯುತ್ತದೆ ಅಂತ ಕಂಡುಬಂತು. ಅಮ್ಮ ಎರಡು ಕಿಲೋ ಇಳಿಸಿದರೂ ಮಂಡಿಗೆ ಗೊತ್ತಾಗುತ್ತದೆ.

ಕಟಕಟ ಶಬ್ದಕ್ಕೆ ಹೆದರಬೇಡಿ. ನೋವಿಲ್ಲದ ಶಬ್ದಕ್ಕೆ ಚಿಕಿತ್ಸೆ ಬೇಕಿಲ್ಲ.

ನೆಲದ ಮೇಲೆ ಕೂರುವ ವಿಷಯ ನನಗೆ ಮನಸ್ಸಿಗೆ ಹತ್ತಿರವಾದದ್ದು. ನಮ್ಮ ಜನ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆದವರು, ಚಕ್ಕಳಮಕ್ಕಳ ಹಾಕಿ ಉಂಡವರು. ಇದರ ಗುರುತು ಮೂಳೆಯಲ್ಲೇ ಉಳಿಯುತ್ತದೆ. 1893ರಲ್ಲಿ ಲಾಹೋರಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ ಅನ್ನುವವರು ಪಂಜಾಬಿಗಳ ಕಾಲಿನ ಮೂಳೆಗಳ ಬಗ್ಗೆ ಬರೆದರು. ಹರಡಿನ ಹತ್ತಿರ, ಟಿಬಿಯಾದ ಮುಂದಿನ ಅಂಚು ಪಾದದ ಮೂಳೆಗೆ ತಾಗುವಲ್ಲಿ, ನುಣುಪಾದ ಸಣ್ಣ ಮಚ್ಚೆಯಂಥ ಜಾಗ ಅವರಿಗೆ ಕಂಡಿತು. ಕುಕ್ಕರಗಾಲಲ್ಲಿ ಕೂತಾಗ ಎರಡು ಮೂಳೆ ಒಂದಕ್ಕೊಂದು ಒತ್ತಿ ಆಗುವ ಗುರುತು ಅದು. ಕಾಲೇಜಿನಲ್ಲಿ ಮೊದಲ ಸಲ ಆ ಮೂಳೆಯನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿಂದ ಆ ಮಚ್ಚೆಯನ್ನು ಸವರಿದ್ದು ನನಗೆ ಇನ್ನೂ ನೆನಪಿದೆ. ಯಾರದ್ದೋ ಗೊತ್ತಿಲ್ಲ, ಆದರೆ ಒಲೆಯ ಮುಂದೆ ಕೂತಿದ್ದ ಒಬ್ಬರು ಎದುರಿಗೆ ಬಂದ ಹಾಗಾಯಿತು.

ಹಾಗಾಗಿ ನೆಲದ ಮೇಲೆ ಕೂರುವುದೇ ಪಾಪ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿರುವ ಮಂಡಿಗೆ ಅದು ಒಳ್ಳೆಯ ಅಭ್ಯಾಸ, ಕೀಲುಗಳು ಪೂರ್ತಿ ಮಡಚುವ ಶಕ್ತಿ ಉಳಿಯುತ್ತದೆ. ಆದರೆ ನೋವಿರುವ ಮಂಡಿಗೆ ಪೂರ್ತಿ ಮಡಚಿ ಭಾರ ಹಾಕುವುದು ಕಷ್ಟದ ಕೆಲಸ. ನಡೆಯಲು ಮಂಡಿ 60–70 ಡಿಗ್ರಿ ಮಡಚಿದರೆ ಸಾಕು. ಕುಕ್ಕರಗಾಲಿಗೆ 130 ಡಿಗ್ರಿಯೂ ದಾಟುತ್ತದೆ. ನೋವು ಜೋರಾಗಿರುವ ವಾರಗಳಲ್ಲಿ ಅಮ್ಮ ಕುರ್ಚಿಯಲ್ಲೇ ಕೂರಲಿ, ಕಮೋಡ್ ಬಳಸಲಿ, ಪೂಜೆಗೆ ಎತ್ತರದ ಮಣೆ ಇರಲಿ. ನೋವು ಇಳಿದ ಮೇಲೆ ಚಕ್ಕಳಮಕ್ಕಳ ಕೂರಲಿ. ಏಳುವಾಗ ಪಕ್ಕದಲ್ಲಿ ಸ್ಟೂಲ್ ಇಟ್ಟುಕೊಂಡು ಕೈಯೂರಿ ಏಳಲಿ. ಕುಕ್ಕರಗಾಲು ಮಾತ್ರ ಕೊನೆಗೆ.

ವ್ಯಾಯಾಮ ಇವತ್ತೇ ಶುರು ಮಾಡಬಹುದು. ಮಂಡಿಯ ಕೆಳಗೆ ಟವೆಲ್ ಸುತ್ತಿ ಇಡಿ. ಟವೆಲನ್ನು ಮಂಚಕ್ಕೆ ಒತ್ತುವಂತೆ ತೊಡೆ ಬಿಗಿ ಮಾಡಿ ಐದು ಎಣಿಸಲಿ, ಬಿಡಲಿ. ಹತ್ತು ಸಲ, ಬೆಳಿಗ್ಗೆ ಸಂಜೆ. ಇದು ಸುಲಭವಾದ ಮೇಲೆ ಕುರ್ಚಿಯಿಂದ ಕೈ ಊರದೆ ನಿಧಾನಕ್ಕೆ ಎದ್ದು, ಅಷ್ಟೇ ನಿಧಾನಕ್ಕೆ ಕೂರುವುದು. ಕೂರುವಾಗಲೇ ಜಾಸ್ತಿ ಗಮನ ಇರಲಿ. ಮೆಟ್ಟಿಲು ಇಳಿಯುವ ಬ್ರೇಕ್ ತಯಾರಾಗುವುದು ಅಲ್ಲೇ. ಕುರ್ಚಿ ತಗ್ಗಾಗಿದ್ದರೆ ದಿಂಬು ಹಾಕಿ. ಇದರ ಜೊತೆಗೆ ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಸೊಂಟದ ಸ್ನಾಯುಗಳಿಗೆ. ವಾಕಿಂಗ್ ಹತ್ತು ನಿಮಿಷದಿಂದ ಮತ್ತೆ ಶುರುವಾಗಲಿ. ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೇ ದಿನವೂ ನೋವು ಜಾಸ್ತಿಯೇ ಇದ್ದರೆ ಅಥವಾ ಮಂಡಿ ಊದಿದರೆ ಅಷ್ಟು ಕಮ್ಮಿ ಮಾಡಿ, ನಿಲ್ಲಿಸಬೇಡಿ. ಕೋಲು ಹಿಡಿಯುವುದಾದರೆ ಎಡಗೈಯಲ್ಲಿ ಹಿಡಿಯಲಿ. ನೋವಿರುವ ಕಾಲಿನ ಕಡೆಗೇ ಕೋಲು ಹಿಡಿಯುವವರೇ ಜಾಸ್ತಿ, ಅದು ಉಲ್ಟಾ. ಹಿಡಿಯಬೇಕಾದದ್ದು ಎದುರು ಕೈಯಲ್ಲಿ.

ಮಂಡಿ ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಂಡಿ ಮಧ್ಯದಲ್ಲೇ ಸಿಕ್ಕಿಹಾಕಿಕೊಂಡು ನೆಟ್ಟಗಾಗದಿದ್ದರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮಂಡಿ ಬದಲಿ ಆಪರೇಷನ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದರಲ್ಲಿ ಇಡೀ ಮಂಡಿ ಕಿತ್ತು ಹಾಕುವುದಿಲ್ಲ. ಮೂಳೆ ತುದಿಯ ಹಾಳಾದ ಮೇಲ್ಮೈ ತೆಗೆದು ಲೋಹ ಮತ್ತು ಪ್ಲಾಸ್ಟಿಕ್ ಹೊದಿಸುತ್ತಾರೆ. ಒಳ್ಳೆಯ ಆಪರೇಷನ್ ಅದು. ಆದರೆ ಗ್ಯಾಪ್ ನೋಡಿ ಮಾಡಿಸುವಂಥದ್ದಲ್ಲ. ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ನಿದ್ದೆ ಇಲ್ಲ, ಮನೆಯೊಳಗೇ ಓಡಾಡಲು ಆಗುತ್ತಿಲ್ಲ ಅಂದಾಗ ಯೋಚಿಸುವಂಥದ್ದು. ಅಮ್ಮ ಇನ್ನೂ ಅಲ್ಲಿಗೆ ಬಂದಿಲ್ಲ ಅನ್ನಿಸುತ್ತದೆ.

ಹರಕೆಯ ವಿಷಯ. ಬಿಡಬೇಕಿಲ್ಲ, ಮೂರು ತಿಂಗಳು ಮುಂದಕ್ಕೆ ಹಾಕಿ. ಅಷ್ಟರಲ್ಲಿ ಕುರ್ಚಿಯಿಂದ ಕೈ ಊರದೆ ಒಂದೇ ಉಸಿರಿಗೆ ಹತ್ತು ಸಲ ಎದ್ದು ಕೂರುವಂತಾಗಬೇಕು. ಹೃದಯದ್ದೂ ಬಿಪಿಯದ್ದೂ ತೊಂದರೆ ಇಲ್ಲ ಅಂತ ವೈದ್ಯರು ಹೇಳಿರಬೇಕು. ಮೊದಲ ಸಲ ದೊಡ್ಡ ನಂದಿಯವರೆಗೆ ಗಾಡಿಯಲ್ಲಿ ಹೋಗಿ. ಅಲ್ಲಿಂದ ಉಳಿದ ಮೆಟ್ಟಿಲನ್ನಷ್ಟೇ ಹತ್ತಲಿ. ಅದು ಸಲೀಸಾಗಿ, ಮಾರನೇ ದಿನ ಮಂಡಿ ಊದದಿದ್ದರೆ ಇನ್ನೊಂದು ದಿನ ಕೆಳಗಿನಿಂದ ಪೂರ್ತಿ ಹತ್ತಲಿ. ಪ್ರತಿ ಮೆಟ್ಟಿಲಿಗೂ ಎಡಗಾಲು ಮೊದಲು, ಬಲಗಾಲು ಹಿಂದೆ. ದಣಿವಾದರೆ ನಂದಿಯ ಹತ್ತಿರ ಕೂತು ನೀರು ಕುಡಿಯಲಿ. ಆಷಾಢ ಶುಕ್ರವಾರದ ನೂಕುನುಗ್ಗಲು ಬೇಡ, ಮಾಮೂಲಿ ದಿನದ ಬೆಳಗಿನ ಜಾವ ಸಾಕು. ದರ್ಶನ ಮುಗಿದ ಮೇಲೆ ಮೆಟ್ಟಿಲಲ್ಲಿ ಇಳಿಸಬೇಡಿ. ಬೆಟ್ಟದ ಮೇಲಿಂದ ಊರಿಗೆ ಬಸ್ಸಿದೆ, ಕಿಟಕಿ ಪಕ್ಕ ಕೂರಿಸಿ ಕರೆದುಕೊಂಡು ಬನ್ನಿ.